ಅಖಂಡ ದೃಶ್ಯದಲ್ಲಿ ನಟನೂ ಕ್ಯಾಮೆರವೂ

ಚಲಚ್ಚಿತ್ರ ಕಲೆಯು ಹುಟ್ಟಿದ ಕೆಲವೇ ವರ್ಷಗಳಲ್ಲಿ ಕತ್ತರಿಗೆ ಅದರಲ್ಲಿ ದೊಡ್ಡ ಅಧಿಕಾರವು ದೊರೆಯಿತು. ಬಿಡಿಬಿಡಿಯಾಗಿ ಹಿಡಿದ ತುಂಡುಗಳನ್ನು ಜೋಡಿಸಿ, ಒಮ್ಮೆ ಮುಖವನ್ನೂ ಒಮ್ಮೆ ಕೈಯನ್ನೂ ತೋರಿಸುತ್ತ, ಪ್ರೇಕ್ಷಕನ ದೃಷ್ಟಿಯನ್ನು ಬೇಕಾದೆಡೆಗೆ ಒಯ್ಯುವುದು ನಿರ್ದೇಶಕನಿಗೆ ಸಾಧ್ಯವಾಯಿತು. ಈ ಸೌಕರ್ಯವನ್ನು ತಾನಾಗಿಯೇ ತೊರೆದವನಿಗೆ ಉಳಿಯುವ ಸಾಧನವು ಯಾವುದು? ಆಲ್‌ಫ್ರೆಡ್ ಹಿಚ್‌ಕಾಕನು 1948ರ ‘ರೋಪ್’ ಚಿತ್ರದಲ್ಲಿ ಇದನ್ನು ಪರೀಕ್ಷಿಸಿದನು.

ಇಬ್ಬರು ತರುಣರು ತಮ್ಮ ಸ್ನೇಹಿತನ ಕೊರಳಿಗೆ ಹಗ್ಗ ಬಿಗಿದು ಕೊಂದು, ಶವವನ್ನು ಪೆಟ್ಟಿಗೆಯಲ್ಲಿಟ್ಟು, ಅದರ ಮೇಲೆಯೇ ಅತಿಥಿಗಳಿಗೆ ಊಟವನ್ನು ಅಣಿಮಾಡುವುದು ಕಥೆ. ನಡೆಯುವುದೆಲ್ಲ ನ್ಯೂಯಾರ್ಕಿನ ಒಂದೇ ಮನೆಯಲ್ಲಿ. ಅಂದಿನ ಕ್ಯಾಮೆರದಲ್ಲಿ ಒಂದು ಸಲಕ್ಕೆ ಹಿಡಿಯುತ್ತಿದ್ದುದು 1000 ಅಡಿಗಳ ಫಿಲ್ಮು; ಎಂದರೆ ಸುಮಾರು 10 ನಿಮಿಷ. ಆದುದರಿಂದ 80 ನಿಮಿಷಗಳ ಚಿತ್ರವನ್ನು ಸುಮಾರು ಹತ್ತು ಖಂಡಗಳಲ್ಲಿ ಹಿಡಿದು, ಕೆಲವು ಸಂಧಿಗಳನ್ನು ನಟನ ಕೋಟಿನ ಬೆನ್ನಿಗೆ ಕ್ಯಾಮೆರವನ್ನು ಒಯ್ದು ಮರೆಮಾಡಿದರು. ವರ್ಣಚಿತ್ರದ ಆ ಭಾರಿ ಯಂತ್ರವು ಹಾಯ್ದುಹೋಗಲೆಂದು ಗೋಡೆಗಳನ್ನು ಸರಿಯುವಂತೆ ನಿರ್ಮಿಸಿದ್ದರು. ನಟರು ಮಾತನಾಡುತ್ತಿರುವಾಗಲೇ ಸಹಾಯಕರು ಸದ್ದಿಲ್ಲದೆ ಮೇಜುಕುರ್ಚಿಗಳನ್ನು ತೆಗೆದು ಮರಳಿ ಇಡಬೇಕಾಗಿತ್ತು. ಒಬ್ಬನ ಹೆಜ್ಜೆ ತಪ್ಪಿದರೆ ಎಲ್ಲರ ಶ್ರಮವೂ ವ್ಯರ್ಥ. ಕಿಟಕಿಯಾಚೆಯ ಸಂಜೆಯ ಬಣ್ಣವು ಅತಿಯಾಯಿತೆಂದು ಕೊನೆಯ ಖಂಡಗಳನ್ನು ಪುನಃ ಹಿಡಿಯಬೇಕಾಯಿತು.

ಇಷ್ಟು ಕಷ್ಟದ ಫಲವು ಒಂದು ಸನ್ನಿವೇಶದಲ್ಲಿ ಸ್ಪಷ್ಟವಾಗುವುದು. ಊಟ ಮುಗಿದಿದೆ. ಬಾರದ ಗೆಳೆಯನ ವಿಚಾರವಾಗಿ ಅತಿಥಿಗಳು ಮಾತನಾಡುತ್ತಿದ್ದಾರೆ. ಅವರಲ್ಲಿ ಬಹುಮಂದಿ ಚೌಕಟ್ಟಿನ ಹೊರಗಿದ್ದಾರೆ. ಕ್ಯಾಮೆರವು ಪೆಟ್ಟಿಗೆಯ ಕಡೆಗೆ ನೋಡುತ್ತ ಅಲುಗದೆ ನಿಂತಿದೆ. ಮನೆಗೆಲಸದವಳು ತಟ್ಟೆಗಳನ್ನು ಒಯ್ಯುವಳು, ಮರಳುವಳು. ದೀಪಗಳನ್ನು ಒಯ್ಯುವಳು, ಮರಳುವಳು. ಕೊನೆಗೆ ಪುಸ್ತಕಗಳನ್ನು ತಂದು, ಒಳಗಿಡಲೆಂದು ಮುಚ್ಚಳಕ್ಕೆ ಕೈಹಾಕುವಳು. ಕೊಲೆಗಾರರಲ್ಲೊಬ್ಬನು ಆ ಕ್ಷಣದಲ್ಲಿ ಬಂದು ತಡೆಯುವನು. ಈ ಸನ್ನಿವೇಶವನ್ನು ತುಂಡರಿಸಿದ್ದರೆ, ಕಾಲವನ್ನು ನಿರ್ದೇಶಕನು ಬೇಕೆಂದಂತೆ ಹಿಗ್ಗಿಸಿದನೆಂದು ಪ್ರೇಕ್ಷಕನು ಸಮಾಧಾನಪಡುತ್ತಿದ್ದನು. ಇಲ್ಲಿ ಆ ಸಮಾಧಾನವಿಲ್ಲ. ಅವಳ ನಡಿಗೆಯೇ ಗಡಿಯಾರ.

ಮುಂದೆ ಹಿಚ್‌ಕಾಕನೇ ಈ ಪ್ರಯೋಗವು ತನ್ನ ಪದ್ಧತಿಗೆ ವಿರುದ್ಧವಾದುದೆಂದು ಹಳಿದನು. ಫಿಲ್ಮಿನ ಅಡ್ಡಿಯು ಕಾಲಾಂತರದಲ್ಲಿ ತೊಲಗಿತು. 2001ರ ಡಿಸೆಂಬರ್ 23ರಂದು ಅಲೆಕ್ಸಾಂಡರ್ ಸೊಕುರೊವನು ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಅರಮನೆಯಲ್ಲಿ ‘ರಷ್ಯನ್ ಆರ್ಕ್’ ಚಿತ್ರವನ್ನು ಡಿಜಿಟಲ್ ಯಂತ್ರದಿಂದ 90 ನಿಮಿಷಗಳಿಗೂ ಮಿಗಿಲಾದ ಒಂದೇ ಓಟದಲ್ಲಿ ಹಿಡಿದನು. ಆದರೆ ಅಲ್ಲಿಯೂ ಮೂರು ಯತ್ನಗಳು ಕೆಟ್ಟು ನಾಲ್ಕನೆಯದು ಫಲಿಸಿತು. ಯಂತ್ರದ ಮಿತಿ ಹೋದರೂ ಮನುಷ್ಯರು ಪರಸ್ಪರ ಹೊಂದಿ ನಡೆಯಬೇಕಾದ ಕಷ್ಟವು ಹೋಗಲಿಲ್ಲ. ಕತ್ತರಿಯನ್ನು ಕೆಳಗಿಟ್ಟ ಮಾತ್ರಕ್ಕೆ, ಏನನ್ನು ಯಾವಾಗ ತೋರಿಸಬೇಕೆಂಬ ಹೊಣೆಯು ತಪ್ಪದು. ಅದು ನಟನ ಹೆಜ್ಜೆಗೂ ಕ್ಯಾಮೆರದ ತಾಳ್ಮೆಗೂ ಬಂದು ಸೇರುವುದು.