ಹ್ಯೂಗೋ: ಓಟು ಹಾಕಿದರೆ ಸಾಕೇ?

ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಗೆ ತೀರ್ಪುಗಾರರೇ ಇಲ್ಲ. ವರ್ಲ್ಡ್‌ಕಾನ್ ಅನ್ನೋ ವಾರ್ಷಿಕ ಸಮ್ಮೇಳನಕ್ಕೆ ದುಡ್ಡು ಕಟ್ಟಿ ಸದಸ್ಯರಾದ ಓದುಗರೇ ಹೆಸರು ಸೂಚಿಸ್ತಾರೆ, ಅವರೇ ಓಟು ಹಾಕ್ತಾರೆ. 1926ರಲ್ಲಿ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆ ಶುರು ಮಾಡಿದ ಹ್ಯೂಗೋ ಗರ್ನ್ಸ್‌ಬ್ಯಾಕ್ ಹೆಸರು ಇದಕ್ಕಿದೆ. ಮೊದಲ ಪ್ರಶಸ್ತಿ ಕೊಟ್ಟಿದ್ದು 1953ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಕಾದಂಬರಿ ವಿಭಾಗದಲ್ಲಿ ಗೆದ್ದವರು ಆಲ್ಫ್ರೆಡ್ ಬೆಸ್ಟರ್.

2015ರಲ್ಲಿ ಚೀನಾದ ಲಿಯು ಸಿಶಿನ್ ಗೆದ್ದರು. ಅನುವಾದಗೊಂಡ ಕಾದಂಬರಿಗೆ ಈ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಎಂಟು ವರ್ಷದ ನಂತರ, 2023ರಲ್ಲಿ, ಸಮ್ಮೇಳನವೇ ಚೀನಾದ ಚೆಂಗ್ಡು ನಗರಕ್ಕೆ ಹೋಯ್ತು. ಎಡವಟ್ಟಾಗಿದ್ದು ಅಲ್ಲೇ ನೋಡಿ.

ಸಮ್ಮೇಳನ ಮುಗಿದ 90 ದಿನದೊಳಗೆ ಯಾರಿಗೆ ಎಷ್ಟು ಸೂಚನೆ ಬಂತು ಅಂತ ಲೆಕ್ಕ ಪ್ರಕಟಿಸಬೇಕು, ಇದು ನಿಯಮ. 2024ರ ಜನವರಿಯಲ್ಲಿ ಲೆಕ್ಕ ಹೊರಬಿತ್ತು. ನೆಬ್ಯುಲಾ ಪ್ರಶಸ್ತಿ ಗೆದ್ದಿದ್ದ ಲೇಖಕಿ ಆರ್.ಎಫ್. ಕುವಾಂಗ್ ಅವರ 'ಬೇಬಲ್' ಅಂತಿಮ ಪಟ್ಟಿಗೆ ಬರುವಷ್ಟು ಸೂಚನೆ ಪಡೆದಿತ್ತು. ಪಕ್ಕದಲ್ಲಿ 'ಅನರ್ಹ' ಅಂತ ಷರಾ! ಕಾರಣ ಮಾತ್ರ ಇಲ್ಲ. ಫೆಬ್ರವರಿಯಲ್ಲಿ ಇಮೇಲ್‌ಗಳು ಸೋರಿಕೆಯಾದವು. ಚೀನಾಕ್ಕೆ ಇರುಸುಮುರುಸು ತರುವ ಸಂಗತಿ ಏನಾದ್ರೂ ಸಿಗುತ್ತಾ ಅಂತ ಪ್ರಶಸ್ತಿಯ ಉಸ್ತುವಾರಿ ಹೊತ್ತವರೇ ಲೇಖಕರ ಬರಹಗಳನ್ನ ಜಾಲಾಡಿದ್ದರು.

ಅದೇ ವರ್ಷ ಗ್ಲಾಸ್ಗೋದಲ್ಲೂ ಅಕ್ರಮ ನಡೀತು. ಆದರೆ ಅಲ್ಲಿನ ಸಂಘಟಕರು 377 ಖೊಟ್ಟಿ ಓಟು ಪತ್ತೆಹಚ್ಚಿ, ಅವನ್ನ ಎಣಿಕೆಯಿಂದ ತೆಗೆದು, ಸಮಾರಂಭಕ್ಕೆ ಮೊದಲೇ ಜನರಿಗೆ ತಿಳಿಸಿದರು.

ಫಲಿತಾಂಶದ ದಿನ ಸ್ಟುಡಿಯೋದಲ್ಲಿ ಕೂತು ಅಂಕಿಗಳನ್ನ ಓದುವವನು ನಾನು. ಗೆದ್ದವರ ಹೆಸರಷ್ಟೇ ಕೇಳಿ ಟಿವಿ ಆರಿಸಬೇಡಿ ಸ್ವಾಮಿ. 'ಬೇಬಲ್' ಹೆಸರು ಗೆದ್ದವರ ಪಟ್ಟಿಯಲ್ಲಿರಲಿಲ್ಲ, ಸಿಕ್ಕಿದ್ದು ಲೆಕ್ಕದ ಹಾಳೆಯಲ್ಲಿ.