ಗಿಲ್ಬರ್ಟ್ ಪೊಟೊರೂ: ಸಂರಕ್ಷಣೆಯ ಇತಿಹಾಸ

ಗಿಲ್ಬರ್ಟ್ ಪೊಟೊರೂ ಪಶ್ಚಿಮ ಆಸ್ಟ್ರೇಲಿಯದ ದಕ್ಷಿಣ ಕರಾವಳಿಯ ಹೊಟ್ಟೆಚೀಲದ ಪ್ರಾಣಿ. ಕಾಂಗರೂಗಳ ಬಳಗಕ್ಕೆ ಸೇರಿದರೂ ತೂಕ ಸುಮಾರು ಒಂದು ಕಿಲೋ. ಪ್ರಾಣಿ ಮಾದರಿಗಳ ಸಂಗ್ರಾಹಕ ಜಾನ್ ಗಿಲ್ಬರ್ಟ್ 1840ರಲ್ಲಿ ಕಿಂಗ್ ಜಾರ್ಜ್ ಸೌಂಡ್ ಬಳಿ ಸಂಗ್ರಹಿಸಿದ ಮಾದರಿಗಳನ್ನು ನೋಡಿ ಪ್ರಾಣಿಶಾಸ್ತ್ರಜ್ಞ ಜಾನ್ ಗೂಲ್ಡ್ ಮರುವರ್ಷ ಇದಕ್ಕೆ ಹೆಸರಿಟ್ಟ. 1870ರ ದಶಕದ ನಂತರ ಸುಳಿವೇ ಸಿಗದೆ, ಇದು ಅಳಿದುಹೋಯಿತೆಂದೇ ವಿಜ್ಞಾನಿಗಳು ನಂಬಿದ್ದರು. 1994ರ ಡಿಸೆಂಬರಿನಲ್ಲಿ ಆಲ್ಬನಿ ಸಮೀಪದ ಟೂ ಪೀಪಲ್ಸ್ ಬೇ ಮೀಸಲು ಪ್ರದೇಶದಲ್ಲಿ, ಕ್ವೊಕ್ಕಾ ಎಂಬ ಸಣ್ಣ ಕಾಂಗರೂ ಬಳಗದ ಪ್ರಾಣಿಗಳಿಗೆಂದು ಸಂಶೋಧಕಿ ಎಲಿಜಬೆತ್ ಸಿಂಕ್ಲೇರ್ ಇಟ್ಟಿದ್ದ ಬೋನಿಗೆ ಪೊಟೊರೂ ಬಿತ್ತು. ಆ ಪ್ರದೇಶವನ್ನು 1967ರಲ್ಲಿ ಮೀಸಲಿಟ್ಟದ್ದು ನಾಯ್ಸಿ ಸ್ಕ್ರಬ್‌ಬರ್ಡ್ ಎಂಬ ಅಪರೂಪದ ಹಕ್ಕಿಗಾಗಿ. ಒಂದು ಜೀವಿಗೆ ಕೊಟ್ಟ ರಕ್ಷಣೆ ಇನ್ನೊಂದಕ್ಕೂ ಒದಗಿತ್ತು. ಆದರೆ ಉಳಿದ ಒಂದೇ ನೆಲೆಯನ್ನು ಕಾದರೆ ಸಾಲದು ಎಂಬುದನ್ನು ಮುಂದಿನ ಎರಡು ದಶಕಗಳು ತೋರಿಸಿದವು.

ಪೊಟೊರೂ ಮುಂಗಾಲಿನ ಉಗುರುಗಳಿಂದ ನೆಲ ಕೆದಕಿ, ಮಣ್ಣಿನಡಿ ಬೆಳೆಯುವ ಟ್ರಫಲ್ ಜಾತಿಯ ಅಣಬೆಗಳನ್ನು ತಿನ್ನುತ್ತದೆ. ಅದರ ಆಹಾರದಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಇವೇ. ಈ ಅಣಬೆಗಳು ಗಿಡಗಳ ಬೇರಿನೊಂದಿಗೆ ಕೂಡಿ ಬದುಕುವಂಥವು. ಹೀಗಾಗಿ ಬೇರು ಕೊಳೆಸುವ ಫೈಟಾಫ್ತೊರಾ ರೋಗವೂ ಕಾಡ್ಗಿಚ್ಚೂ ಪ್ರಾಣಿಯ ಉಣಿಸಿಗೇ ಕುತ್ತು ತರುತ್ತವೆ. ನರಿ, ಬೆಕ್ಕುಗಳ ಕಾಟ ಬೇರೆ. ಸೆರೆಯಲ್ಲಿಟ್ಟು ಸಂತತಿ ಬೆಳೆಸುವ ಯತ್ನ ಕೈಗೂಡದೆ ಹೋದಾಗ, ಬೇರೆ ನೆಲೆಗಳನ್ನು ಹುಡುಕುವುದು ಅನಿವಾರ್ಯವಾಯಿತು.

ಆಗ ಇದ್ದದ್ದೇ ಮೂವತ್ತು–ನಲವತ್ತು, ಅವುಗಳಲ್ಲೂ ಕೆಲವನ್ನು ಸಾಗಿಸುವುದು ದುಡುಕಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಮೂಲ ನೆಲೆಯಲ್ಲಿ ಮರಿಗಳು ಹುಟ್ಟುತ್ತಿದ್ದರೂ ಸಂಖ್ಯೆ ಏರುತ್ತಿರಲಿಲ್ಲ. ಬೆಳೆದ ಮರಿಗಳಿಗೆ ಅಲ್ಲಿ ತೆರಪು ಸಾಲದೆಂಬ ಊಹೆಗೆ ಇದು ಆಧಾರ. 2005ರಿಂದ ನರಿ, ಬೆಕ್ಕುಗಳಿಲ್ಲದ ಬಾಲ್ಡ್ ದ್ವೀಪಕ್ಕೆ ಕೆಲವನ್ನು ಒಯ್ಯಲಾಯಿತು; ಅಲ್ಲಿ ಅವು ಬೇರೂರಿದವು. 2010ರಲ್ಲಿ ವೇಚಿನಿಕಪ್‌ನಲ್ಲಿ ಬೇಲಿ ಸುತ್ತಿದ ಆವರಣ ಸಿದ್ಧವಾಯಿತು. 2015ರ ನವೆಂಬರಿನ ಕಾಡ್ಗಿಚ್ಚು ಟೂ ಪೀಪಲ್ಸ್ ಬೇಯಲ್ಲಿ ಪೊಟೊರೂ ನೆಲೆಯ ಬಹುಪಾಲನ್ನು ಸುಟ್ಟಿತು. ಆ ಹೊತ್ತಿಗೆ ಬೇರೆಡೆ ಸಂತತಿ ಇಲ್ಲದಿದ್ದರೆ ಇಡೀ ಪ್ರಭೇದದ ಅಳಿವು ಉಳಿವು ಸುಟ್ಟ ಪೊದೆಗಳ ನಡುವೆ ಪಾರಾದ ಕೆಲವೇ ಪ್ರಾಣಿಗಳ ಮೇಲೆ ನಿಲ್ಲುತ್ತಿತ್ತು. 2018ರಲ್ಲಿ ಮಿಡ್ಲ್ ದ್ವೀಪಕ್ಕೂ ಕೆಲವನ್ನು ಸಾಗಿಸಲಾಯಿತು.

ದ್ವೀಪ, ಬೇಲಿಗಳೊಳಗಿನ ಬದುಕು ಸಹಜವಲ್ಲ ಎನ್ನುವವರೂ ಇದ್ದಾರೆ. ಮಾತು ನಿಜವೇ. ಆದರೆ ವಲಸಿಗರು ತಂದ ನರಿ, ಬೆಕ್ಕುಗಳು ಅಲೆಯುವ ಇಂದಿನ ಮುಖ್ಯಭೂಮಿಯೂ 1840ರ ಕಾಡಲ್ಲ. ಎಲ್ಲ ನೆಲೆಗಳೂ ಸೇರಿ ಸಂಖ್ಯೆ ಇನ್ನೂ ನೂರರ ಆಸುಪಾಸಿನಲ್ಲೇ ಇರುವುದರಿಂದ, ಈ ದ್ವೀಪಗಳು ಕಾಲಾವಕಾಶವನ್ನಷ್ಟೇ ಕೊಡುತ್ತವೆ. ನರಿ, ಬೆಕ್ಕು ಮತ್ತು ಬೇರುರೋಗದ ಹತೋಟಿಯಾಗದೆ ಬೇಲಿಯಿಲ್ಲದ ಮುಖ್ಯಭೂಮಿಗೆ ಮರಳುವುದು ಸಾಧ್ಯವಿಲ್ಲ.