ನಾಟಕಶಾಲೆಯ ಮರೆಯಾದ ವಾದ್ಯ

ನಮ್ಮ ಜಿಲ್ಲೆಯ ಹಿರಿಮೆಯನ್ನು ಹೇಳುವವರು ಗುಬ್ಬಿಯ ನಾಟಕ ಕಂಪನಿಯನ್ನು ಮರೆಯುವುದಿಲ್ಲ. ವೀರಣ್ಣನವರ ಹಾಸ್ಯ, ಬಿ. ಜಯಮ್ಮನವರ ಗಾನ, ‘ಕುರುಕ್ಷೇತ್ರ’ದಲ್ಲಿ ರಂಗವನ್ನೇರಿದ ನಿಜವಾದ ಆನೆ ಕುದುರೆಗಳು, ಇವೆಲ್ಲವೂ ಇಂದಿಗೂ ಮನೆಮನೆಯ ಮಾತಾಗಿವೆ. ಆದರೆ ಪರದೆ ಏಳುವುದಕ್ಕೆ ಮೊದಲೇ ನುಡಿಯತೊಡಗಿ, ಮಂಗಳದ ತರುವಾಯವೇ ಮೌನವಾಗುತ್ತಿದ್ದ ವಾದ್ಯವೊಂದುಂಟು. ಅದೇ ಕಾಲು ಹಾರ್ಮೋನಿಯಂ. ಕೆಲವರ ಬಾಯಲ್ಲಿ ‘ಆರ್ಗನ್’. ಅದು ಎಲ್ಲಿಂದ ಬಂದಿತು, ನಮ್ಮ ನಾಟಕಕ್ಕೆ ಏನನ್ನು ಕೊಟ್ಟಿತು, ಹೇಗೆ ಮರೆಯಾಯಿತು ಎಂಬುದನ್ನು ಸಂಕ್ಷೇಪವಾಗಿ ವಿಚಾರಿಸೋಣ.

ಪಾಶ್ಚಾತ್ಯ ದೇಶಗಳ ನಾಟಕಶಾಲೆ ಮತ್ತು ಚಿತ್ರಮಂದಿರಗಳಲ್ಲಿಯೂ ಆರ್ಗನ್ ಇದ್ದಿತು. ಅದು ಕೊಳವೆಗಳ ಮಹಾವಾದ್ಯ. ಅಮೆರಿಕೆಯ ವುರ್ಲಿಟ್ಜರ್ ಸಂಸ್ಥೆಯವರು ೧೯೧೦ರಲ್ಲಿ ರಾಬರ್ಟ್ ಹೋಪ್ ಜೋನ್ಸ್ ಎಂಬ ಶಿಲ್ಪಿಯ ಕಾರ್ಖಾನೆಯನ್ನು ಕೊಂಡು, ಮೂಕಚಿತ್ರಗಳ ಜೊತೆಗೆ ನುಡಿಸತಕ್ಕ ಇಂಥ ವಾದ್ಯಗಳನ್ನು ಹೇರಳವಾಗಿ ನಿರ್ಮಿಸಿದರು. ಅದರ ಕೊಳವೆಗಳಿಗೆ ಕಟ್ಟಡದಲ್ಲಿಯೇ ಕೊಠಡಿಗಳು ಬೇಕು. ಆದುದರಿಂದ ಆ ವಾದ್ಯವು ಗೋಡೆಯ ಸ್ವತ್ತು. ವಾಕ್ಚಿತ್ರಗಳು ಬಂದ ಮೇಲೆ ಅನೇಕವು ಅಳಿದುಹೋದವು. ಆದರೂ ಕಳೆದುಹೋದ ಒಂದನ್ನು ಹುಡುಕುವವನಿಗೆ ಕಟ್ಟಡವೊಂದರ ಗುರುತಾದರೂ ಇರುತ್ತದೆ.

ನಮ್ಮ ಕಂಪನಿಗಳ ಸ್ಥಿತಿ ಬೇರೆ. ೧೮೮೪ರಲ್ಲಿ ಚಂದಣ್ಣನವರೇ ಮೊದಲಾದವರು ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ಸ್ಥಾಪಿಸಿದರು. ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳ ಮಾರ್ಗವಾಗಿ ಹರಿಹರದವರೆಗೆ ರೈಲು ಹಾದಿ ತೆರೆದುದೂ ಅದೇ ದಶಕದಲ್ಲಿ. ಕ್ಯಾಂಪಿನಿಂದ ಕ್ಯಾಂಪಿಗೆ ಪರದೆ, ಕಿರೀಟ, ಅಡಿಗೆಯ ಪಾತ್ರೆಗಳೊಡನೆ ಸಾಗುವ ಸಂಸಾರಕ್ಕೆ ಕೊಳವೆಯ ಆರ್ಗನ್ನು ಒಗ್ಗುವುದೆಂತು? ಇವರಿಗೆ ಬೇಕಾದುದು ಹೊತ್ತುಕೊಂಡು ಹೋಗಬಹುದಾದ, ಆದರೂ ತಗಡಿನ ಚಪ್ಪರದ ಕೊನೆಯ ಸಾಲಿಗೂ ಕೇಳಿಸುವ ವಾದ್ಯ.

ಅಂಥದನ್ನು ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಯ್ನ್ ಎಂಬಾತನು ೧೮೪೨ರಲ್ಲಿ ಹಾರ್ಮೋನಿಯಂ ಎಂಬ ಹೆಸರಿನಿಂದ ಹಕ್ಕು ಪಡೆದು ಸಿದ್ಧಪಡಿಸಿದ್ದನು. ಇದರಲ್ಲಿ ಕೊಳವೆಗಳಿಲ್ಲ, ಗಾಳಿಗೆ ಕಂಪಿಸುವ ಹಿತ್ತಾಳೆಯ ನಾಲಗೆಗಳುಂಟು. ಅವಕ್ಕೆ ‘ರೀಡು’ ಎಂದು ಹೆಸರು. ನುಡಿಸುವವನು ಎರಡು ಮೆಟ್ಟುಗಳನ್ನು ಕಾಲಿನಿಂದ ತುಳಿಯುತ್ತಿದ್ದರೆ ತಿದಿ ಉಸಿರಾಡುತ್ತದೆ. ಎರಡು ಕೈಗಳೂ ಸ್ವರಗಳಿಗೆ ಬಿಡುವಾಗಿರುತ್ತವೆ. ಕಲ್ಕತ್ತೆಯ ದ್ವಾರಕಾನಾಥ ಘೋಷರು ಇದನ್ನು ಕಿರಿದುಗೊಳಿಸಿ ಕೈತಿದಿಯ ಪೆಟ್ಟಿಗೆಯಾಗಿ ಮಾರ್ಪಡಿಸಿದರು. ಭಜನೆಗೂ ಮನೆಯ ಪಾಠಕ್ಕೂ ಕೈಪೆಟ್ಟಿಗೆ ಸಾಕಾಯಿತು. ನಾಟಕದವರು ಮಾತ್ರ ಕಾಲುಪೆಟ್ಟಿಗೆಯನ್ನು ಬಿಡಲಿಲ್ಲ. ಮಹಾರಾಷ್ಟ್ರದಲ್ಲಿ ಬಾಲಗಂಧರ್ವರ ಕಂಪನಿಯಲ್ಲಿಯೂ ಆರ್ಗನ್ನಿಗೆ ಹಿರಿಯ ಸ್ಥಾನವಿದ್ದಿತು.

ರಂಗದ ಮುಂದೆ ಹಾರ್ಮೋನಿಯಂ ಮೇಷ್ಟರ ಪೀಠ. ನಟನಿಗೆ ಶ್ರುತಿ ಕೊಡುವವರು ಅವರು; ಪದ್ಯದ ಕೊನೆಯನ್ನು ಎತ್ತಿ ಹಿಡಿಯುವವರು ಅವರು; ‘ಒನ್ಸ್ ಮೋರ್’ ಕೂಗು ಬಂದರೆ ಕಣ್ಸನ್ನೆಯಿಂದಲೇ ಪುನಃ ಪ್ರಾರಂಭಿಸುವವರೂ ಅವರೇ. ಹಗಲಿನಲ್ಲಿ ಬಾಲನಟರಿಗೆ ಮಟ್ಟುಗಳನ್ನು ಕಲಿಸುವ ಕೆಲಸವೂ ಅವರದೇ. ತುಮಕೂರು ಸೀಮೆಯ ಬೆಳ್ಳಾವೆ ನರಹರಿ ಶಾಸ್ತ್ರಿಗಳಂಥ ಕವಿಗಳು ಕಂಪನಿಗೆ ಬರೆದುಕೊಟ್ಟ ಹಾಡುಗಳು ಕಾಗದದಿಂದ ಕಂಠಕ್ಕೆ ಇಳಿದುದು ಈ ಪೆಟ್ಟಿಗೆಯ ಮೂಲಕ. ಕರ್ನಾಟಕ ರಾಗ, ಹಿಂದೂಸ್ತಾನಿ ಚೀಜು, ಪಾರ್ಸಿ ಮಟ್ಟು, ಮೂರೂ ಅದರಲ್ಲಿ ನೆರೆಹೊರೆಯವರಂತೆ ಬಾಳಿದವು.

ಈ ವಾದ್ಯಕ್ಕೆ ದೋಷವಿಲ್ಲದೆ ಇರಲಿಲ್ಲ. ಕಟ್ಟಿಟ್ಟ ಸ್ವರಗಳಲ್ಲಿ ಗಮಕ ಬಾರದೆಂಬ ಆಕ್ಷೇಪಣೆ ನ್ಯಾಯವಾದುದೇ. ಆ ಕಾರಣದಿಂದಲೇ ೧೯೪೦ನೆಯ ಮಾರ್ಚ್ ೧ರಿಂದ ಆಕಾಶವಾಣಿಯು ಇದನ್ನು ಬಹಿಷ್ಕರಿಸಿತು. ೧೯೭೧ರವರೆಗೆ ಆ ಬಾಗಿಲು ತೆರೆಯಲಿಲ್ಲ. ಆದರೆ ವಿದ್ವಾಂಸರ ಸಭೆಯ ಅಳತೆಗೋಲು ನಾಟಕಶಾಲೆಗೆ ಸಲ್ಲದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ನಟನು ಏರಿದ ಶ್ರುತಿಯಲ್ಲಿ ಹಾಡಬೇಕಾಗಿತ್ತು. ಅವನ ಕಂಠವು ಬಳಲಿದಾಗ ಆಸರೆಯಾಗಿ ನಿಂತು, ಮಳೆಗಾಲದ ತೇವದಲ್ಲಿಯೂ ಶ್ರುತಿ ಕದಲದಿದ್ದ ವಾದ್ಯ ಇದು. ‘ಒಂದೂವರೆ ಮನೆ’, ‘ನಾಲ್ಕು ಮನೆ’ ಎಂದು ಗಾಯಕರು ಇಂದಿಗೂ ಶ್ರುತಿಯನ್ನು ಎಣಿಸುವುದು ಅದರ ಮನೆಗಳಿಂದಲೇ. ವಾದ್ಯವನ್ನು ತೊರೆದವರೂ ಅದರ ಲೆಕ್ಕವನ್ನು ತೊರೆಯಲಿಲ್ಲ.

೧೯೩೪ರಲ್ಲಿ ‘ಸತಿ ಸುಲೋಚನಾ’ ತೆರೆಯ ಮೇಲೆ ಕನ್ನಡವನ್ನಾಡಿತು. ಅದಕ್ಕೆ ಮಾತುಗಳನ್ನು ಬರೆದವರೂ ಬೆಳ್ಳಾವೆಯ ಶಾಸ್ತ್ರಿಗಳೇ. ಸ್ವತಃ ವೀರಣ್ಣನವರೂ ಚಿತ್ರೋದ್ಯಮಕ್ಕೆ ಕೈ ಹಾಕಿದರು. ಕ್ರಮೇಣ ಕಂಪನಿಗಳು ಕ್ಷೀಣಿಸಿದವು. ಧ್ವನಿವರ್ಧಕವೂ, ಬಳಿಕ ವಿದ್ಯುತ್ತಿನ ಕೀಬೋರ್ಡೂ ಬಂದವು. ೧೯೭೨ರಲ್ಲಿ ವೀರಣ್ಣನವರು ಕೀರ್ತಿಶೇಷರಾದರು. ಅವರ ಹೆಸರಿನ ಕಲಾಕ್ಷೇತ್ರವು ತುಮಕೂರಿನಲ್ಲಿದೆ. ನಟನ ಹೆಸರಿಗೆ ಮಂದಿರವಾಯಿತು. ಡೇರೆಯೊಡನೆ ಬಂದು ಡೇರೆಯೊಡನೆ ಹೋದ ವಾದ್ಯಕ್ಕೆ ಗೋಡೆ ಇರಲಿಲ್ಲ.

ಹಾಗೆಂದು ಅದರ ಉಸಿರು ಪೂರ್ತಿಯಾಗಿ ನಿಂತಿಲ್ಲ. ಬಾಲ್ಯದಲ್ಲಿ ಈ ಕಂಪನಿಯನ್ನು ಸೇರಿದ್ದ ಬಿ. ವಿ. ಕಾರಂತರು ಆ ನಾದವನ್ನು ಆಧುನಿಕ ರಂಗಕ್ಕೆ ಕೊಂಡೊಯ್ದರು. ಆರ್. ಪರಮಶಿವನ್ ಅವರು ಹಾರ್ಮೋನಿಯಂ ಹಿಡಿದು ಹಳೆಯ ಹಾಡುಗಳನ್ನು ಕಾಪಾಡಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರ ಕಂಠದಲ್ಲಿ ಅವು ಹೊಸ ತಲೆಮಾರಿಗೆ ತಲಪಿದವು. ಗುಬ್ಬಿ, ಕುಣಿಗಲ್ ಸೀಮೆಗಳ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಕಟ್ಟುವ ರೈತರು ಮೊದಲು ಗೊತ್ತುಮಾಡುವುದು ಇಂದಿಗೂ ಹಾರ್ಮೋನಿಯಂ ಮೇಷ್ಟರನ್ನೇ.

ಆದರೆ ಕಂಪನಿಯ ಮಟ್ಟುಗಳು ಬಾಯಿಂದ ಬಾಯಿಗೆ ಬಂದವು. ಸ್ವರಲಿಪಿಯಲ್ಲಿ ಸೇರದಿದ್ದುದು ಹಾಡಿದವರೊಡನೆಯೇ ಹೋಗುತ್ತದೆ. ಆದುದರಿಂದ ವಾಚಕ ಮಹಾಶಯರಲ್ಲಿ ವಿಜ್ಞಾಪನೆಯೊಂದುಂಟು. ಮನೆಯ ಅಟ್ಟದ ಮೇಲೆ ಮೆಟ್ಟು ಮುರಿದ ಹಳೆಯ ಪೆಟ್ಟಿಗೆಯೇನಾದರೂ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿರಿ. ಕಂಪನಿಯ ನಾಟಕವನ್ನು ನೋಡಿದ ಹಿರಿಯರು ಮನೆಯಲ್ಲಿದ್ದರೆ, ಅವರನ್ನು ಕುಳ್ಳಿರಿಸಿ ಹಾಡಿಸಿ, ಮಟ್ಟನ್ನು ಬರೆದಿಡಿರಿ. ಪೆಟ್ಟಿಗೆಯನ್ನು ಹೊಸದಾಗಿ ಮಾಡಿಸಬಹುದು; ಮರೆತ ಮಟ್ಟನ್ನು ಯಾವ ಬಡಗಿಯೂ ಮಾಡಿಕೊಡಲಾರನು.